ಆಪರೇಷನ್ ಆದ ಮೇಲೂ ‘ಕರೆಂಟ್’ ಯಾಕೆ?

“ಆಪರೇಷನ್ ಚೆನ್ನಾಗಿ ಆಯ್ತು ಅಂದ್ರಲ್ಲ, ಮತ್ತೆ ಕರೆಂಟ್ ಯಾಕೆ ಕೊಡ್ತಾರೆ? ನನ್ನಿಂದ ಏನೋ ಮುಚ್ಚಿಡ್ತಿದ್ದೀರ ಕಣೇ.”

ಕಳೆದ ವರ್ಷ ತಿಪಟೂರಿನ ನಮ್ಮ ಚಿಕ್ಕಮ್ಮ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ ಪ್ರಶ್ನೆ ಇದು. ಊರಿನ ಕಡೆ ರೇಡಿಯೇಷನ್‌ಗೆ ‘ಕರೆಂಟ್ ಕೊಡೋದು’ ಅಂತಲೇ ಹೆಸರು. ಆ ಮಾತು ಕೇಳಿದರೆ ಸಾಕು, ಕಾಯಿಲೆ ಕೈಮೀರಿದೆ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಚಿಕ್ಕಮ್ಮನ ವಿಷಯದಲ್ಲಿ ಹಾಗೇನೂ ಆಗಿರಲಿಲ್ಲ.

ಅವರಿಗೆ 52 ವರ್ಷ. ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಉಷ್ಣ ಅಂತ ಜೀರಿಗೆ ಕಷಾಯ ಕುಡಿದು ಮೂರು ತಿಂಗಳು ದೂಡಿದ್ದರು. ಕೊನೆಗೆ ಬಯಾಪ್ಸಿಯಲ್ಲಿ ಗರ್ಭಕಂಠದ ಕ್ಯಾನ್ಸರ್ ಅಂತ ಬಂತು. ಒಂದನೇ ಹಂತ, ಸುಮಾರು ಮೂರು ಸೆಂಟಿಮೀಟರ್ ಗಡ್ಡೆ.

ಈ ಹಂತದಲ್ಲಿ ಎರಡು ದಾರಿ ಇವೆ ಎಂದರು ಡಾಕ್ಟರ್. ಗರ್ಭಕೋಶವನ್ನು ಸುತ್ತಲಿನ ಅಂಗಾಂಶ, ದುಗ್ಧಗ್ರಂಥಿಗಳ ಸಮೇತ ತೆಗೆಯುವ ದೊಡ್ಡ ಆಪರೇಷನ್ ಒಂದು. ಆಪರೇಷನ್ ಇಲ್ಲದೆ ರೇಡಿಯೇಷನ್‌ನಿಂದಲೇ ಗುಣಪಡಿಸುವುದು ಇನ್ನೊಂದು. ಇಟಲಿಯಲ್ಲಿ 343 ಮಹಿಳೆಯರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಗುಂಪಿನಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇ. 83. ಆದರೆ ತೀವ್ರ ತೊಂದರೆ ಆಪರೇಷನ್ ಗುಂಪಿನಲ್ಲೇ ಹೆಚ್ಚು: ಶೇ. 28, ರೇಡಿಯೇಷನ್ ಗುಂಪಿನಲ್ಲಿ ಶೇ. 12. ಆಪರೇಷನ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಮೇಲೆ ರೇಡಿಯೇಷನ್ನೂ ತಗೊಂಡಿದ್ದರು. ಎರಡೂ ಸೇರಿದರೆ ಮೂತ್ರಕೋಶ, ಕರುಳು, ಕಾಲಿನ ಊತದ ತೊಂದರೆ ಜಾಸ್ತಿ. ಅದಕ್ಕೇ ವೈದ್ಯರು ಸಾಧ್ಯವಾದಷ್ಟು ಒಂದರಲ್ಲೇ ಮುಗಿಸಲು ನೋಡುತ್ತಾರೆ.

ಹಾಗಿದ್ದರೆ ಚಿಕ್ಕಮ್ಮನಿಗೆ ಎರಡೂ ಯಾಕೆ ಬೇಕಾಯಿತು? ಎಂಆರ್‌ಐ ಹೊರಗಿನಿಂದ ತೆಗೆದ ಚಿತ್ರ. ತೆಗೆದ ಭಾಗವನ್ನು ಲ್ಯಾಬಿನಲ್ಲಿ ತೆಳುವಾಗಿ ಕತ್ತರಿಸಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗಲೇ ಒಳಗಿನ ಸಂಗತಿ ತಿಳಿಯೋದು. ಹತ್ತು ದಿನಕ್ಕೆ ರಿಪೋರ್ಟ್ ಬಂತು. ಗ್ರಂಥಿಗಳಲ್ಲಿ ಕ್ಯಾನ್ಸರ್ ಇರಲಿಲ್ಲ, ಅಂಚುಗಳೂ ಶುದ್ಧ. ಆದರೆ ಗಡ್ಡೆ ಗರ್ಭಕಂಠದ ಗೋಡೆಯಲ್ಲಿ ಅರ್ಧಕ್ಕಿಂತ ಆಳಕ್ಕೆ ಇಳಿದಿತ್ತು, ಸಣ್ಣ ನಾಳಗಳೊಳಗೆ ಕ್ಯಾನ್ಸರ್ ಕಣಗಳು ಕಂಡಿದ್ದವು.

ಗಡ್ಡೆಯ ಗಾತ್ರ, ಇಳಿದ ಆಳ, ನಾಳಗಳಲ್ಲಿ ಕಣ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ ನಿರ್ಧರಿಸುತ್ತಾರೆ. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಇಂಥದ್ದೇ ಲಕ್ಷಣಗಳಿದ್ದ 277 ಮಹಿಳೆಯರಿದ್ದರು. ಆಪರೇಷನ್ ಮಾತ್ರ ಆದವರಲ್ಲಿ ಶೇ. 28 ಜನಕ್ಕೆ ಕಾಯಿಲೆ ಮರುಕಳಿಸಿತು. ರೇಡಿಯೇಷನ್ನೂ ತಗೊಂಡವರಲ್ಲಿ ಶೇ. 15. ಗ್ರಂಥಿಯಲ್ಲೋ ಅಂಚಿನಲ್ಲೋ ಕ್ಯಾನ್ಸರ್ ಸಿಕ್ಕಿದ್ದರೆ ಜೊತೆಗೆ ಕಿಮೋ ಕೂಡ ಬೇಕಾಗುತ್ತಿತ್ತು.

“ಚಿಕ್ಕಮ್ಮ, ಕಳೆ ಕಿತ್ತಾಗಿದೆ. ಬೇರಿನ ಚೂರು ಎಲ್ಲಾದ್ರೂ ಉಳಿದಿದ್ರೆ ಅಂತ ಇನ್ನೊಂದು ಸಲ ಮಾಡ್ತಿದ್ದಾರೆ ಅಷ್ಟೇ,” ಅಂದೆ. ತೋಟ ನೋಡಿಕೊಂಡು ಬೆಳೆದವರಿಗೆ ಅದು ಅರ್ಥವಾಯಿತು.

ಗಾಯ ಮಾಗಿದ ಮೇಲೆ ಐದು ವಾರ, ಸೋಮವಾರದಿಂದ ಶುಕ್ರವಾರ, ಒಟ್ಟು 25 ಸಲ. ನಮ್ಮ ಬೆಂಗಳೂರಿನ ಮನೆಯಲ್ಲೇ ಇದ್ದರು. ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಮಲಗಬೇಕು, ಆಗ ಕರುಳು ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಮೆಷಿನ್ ಕೆಳಗೆ ಕೆಲವೇ ನಿಮಿಷ, ನೋವಿಲ್ಲ. ಮೂರನೇ ವಾರದಿಂದ ಭೇದಿ, ಉರಿಮೂತ್ರ, ವಿಪರೀತ ಸುಸ್ತು. ಖಾರ ಬಿಟ್ಟು ಮೆತ್ತಗಿನ ಮಜ್ಜಿಗೆ ಅನ್ನಕ್ಕೆ ಇಳಿದರು.

ಅದಕ್ಕಿಂತ ಸಂಕಟವಾಗಿದ್ದು ಇನ್ನೊಂದು. ತಟ್ಟೆ ಲೋಟ ಬೇರೆ ಇಟ್ಟುಕೊಂಡರು. ನನ್ನ ಮೂರು ವರ್ಷದ ಮಗಳು ಹತ್ತಿರ ಹೋದರೆ “ಬೇಡ ಪುಟ್ಟಾ, ಅಜ್ಜಿ ಮೈಯಲ್ಲಿ ಕರೆಂಟ್ ಇದೆ” ಅಂತ ದೂರ ಸರಿಯೋರು. ಟೆಕ್ನಿಷಿಯನ್ ಹುಡುಗಿಯೇ ಒಂದು ದಿನ ಬಿಡಿಸಿ ಹೇಳಿದಳು: “ಲೈಟ್ ಆಫ್ ಮಾಡಿದ್ರೆ ರೂಮಲ್ಲಿ ಬೆಳಕು ಉಳಿಯುತ್ತಾ ಅಮ್ಮಾ? ಇದೂ ಹಾಗೇ. ಹೊರಗಿನಿಂದ ಕೊಡೋ ರೇಡಿಯೇಷನ್ ಮೈಯಲ್ಲಿ ಕೂರಲ್ಲ.” ಅವತ್ತು ರಾತ್ರಿ ಮಗಳು ಅವರ ಪಕ್ಕದಲ್ಲೇ ಮಲಗಿದಳು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ, ಆಪರೇಷನ್‌ಗೆ ದಿನ ಗೊತ್ತು ಮಾಡುವ ಮೊದಲೇ ಡಾಕ್ಟರನ್ನು ಕೇಳಿ: ಆಮೇಲೆ ರೇಡಿಯೇಷನ್ ಬೇಕಾಗುವ ಸಾಧ್ಯತೆ ಎಷ್ಟು? ಹಾಗಿದ್ದರೆ ನೇರವಾಗಿ ರೇಡಿಯೇಷನ್ನೇ ಒಳ್ಳೆಯದಾ? ವಯಸ್ಸು ಚಿಕ್ಕದಿದ್ದರೆ ಅಂಡಾಶಯ ಉಳಿಸಲು ದಾರಿ ಇದೆಯಾ? ಯೋನಿ ಬಿಗಿಯಾಗುವುದು, ದಾಂಪತ್ಯದಲ್ಲಿ ನೋವು, ಇದನ್ನೂ ಸಂಕೋಚ ಬಿಟ್ಟು ಕೇಳಿ. ಅದಕ್ಕೂ ಉಪಾಯಗಳಿವೆ. ಸಂದೇಹವಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ತಗೊಳ್ಳಿ.

ಚಿಕ್ಕಮ್ಮ ಈಗ ಮೂರು ತಿಂಗಳಿಗೊಮ್ಮೆ ಚೆಕಪ್‌ಗೆ ಬರುತ್ತಾರೆ. ಎಡಗಾಲು ಸಂಜೆ ಹೊತ್ತಿಗೆ ಊದುತ್ತದೆ, ಬಿಗಿ ಸ್ಟಾಕಿಂಗ್ ಹಾಕಿಕೊಳ್ಳುತ್ತಾರೆ. ಹೋದ ತಿಂಗಳು ನಮ್ಮಮ್ಮನಿಗೆ ಪ್ಯಾಪ್ ಟೆಸ್ಟ್ ಮಾಡಿಸೋಣ ಅಂದರೆ “ನನಗೇನಾಗಿದೆ?” ಅಂತ ಅಮ್ಮ ಎದ್ದು ಹೋದರು. ಚಿಕ್ಕಮ್ಮ ಸುಮ್ಮನಿರಲಿಲ್ಲ. “ನನಗೂ ಏನೂ ಆಗಿರಲಿಲ್ಲ ಕಣಕ್ಕಾ, ಸೀರೆ ಬದಲಾಯಿಸು, ಆಟೋ ಬಂದಿದೆ,” ಅಂತ ಕೈಹಿಡಿದು ಕರೆದುಕೊಂಡು ಹೋದರು.