ಗಾಳಿದಿಂಬಿನ ಮೇಲೆ ಸಾವಿರ ಕುದುರೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಟ್ರಕ್ಕಿನ ಸ್ಪ್ರಿಂಗಿನ ವಿಚಾರವೇ ಎಂದು ಸಹೃದಯರು ಹುಬ್ಬೇರಿಸಬಹುದು. ಗಡಿನಾಡಿನ ಕನ್ನಡ ಕಾವ್ಯಕ್ಕೆ ಸಲ್ಲುವಷ್ಟೇ ಗ್ಯಾರೇಜಿಗೂ ಸಲ್ಲಬೇಕೆಂಬುದು ನಮ್ಮ ಹಳೆಯ ಹಟ. ಅಬುಧಾಬಿಯಲ್ಲಿ ಮೆಕ್ಯಾನಿಕನಾಗಿರುವ, ಮಂಗಲ್ಪಾಡಿಯಲ್ಲಿ ನಮ್ಮ ಕೈಯಲ್ಲಿ ಕನ್ನಡ ಕಲಿತ ಶಿಷ್ಯನೊಬ್ಬ ಕಳೆದ ವರ್ಷ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ. ಅವನ ಗಿರಾಕಿಯೊಬ್ಬರಲ್ಲಿ 1950ರ ದಶಕದ ಷೆವರ್ಲೆ ಪಿಕಪ್ ಟ್ರಕ್ಕು ಇದೆಯಂತೆ. ಅದಕ್ಕೆ ಸಾವಿರ ಅಶ್ವಶಕ್ತಿಯ ಎಂಜಿನು ಬೇಕು, ಗುಂಡಿ ಒತ್ತಿದರೆ ನೆಲಕ್ಕೆ ಕೂರುವ ಏರ್ ಸಸ್ಪೆನ್ಷನ್ನೂ ಬೇಕು, ಡ್ರ್ಯಾಗ್ ರೇಸಿನಲ್ಲಿ ಓಡಿಸಲೂ ಬೇಕು. "ಈ ಏರ್ ಸಸ್ಪೆನ್ಷನ್ನಿಗೆ ಕನ್ನಡದಲ್ಲಿ ಏನೆನ್ನಲಿ ಮಾಷ್ಟ್ರೇ?" ಎಂದ. 'ಗಾಳಿದಿಂಬು' ಎಂದೆವು.

ಡ್ರ್ಯಾಗ್ ರೇಸೆಂದರೆ ಏನೆಂದು ತುಳುನಾಡಿನವರಿಗೆ ಬಹಳ ವಿವರಿಸಬೇಕಾಗಿಲ್ಲ. ಅದು ಜೋಡುಕರೆಯೇ. ಅಕ್ಕಪಕ್ಕದಲ್ಲಿ ಎರಡು ನೇರ ದಾರಿಗಳು, ಎರಡು ವಾಹನಗಳು, ನಿಂತಲ್ಲಿಂದ ಒಮ್ಮೆಲೇ ಹೊರಟು ಕಾಲು ಮೈಲಿ, ಎಂದರೆ 402 ಮೀಟರು, ಮುಟ್ಟಬೇಕು. ತಿರುವಿಲ್ಲ, ಉಪಾಯವಿಲ್ಲ. ನಮ್ಮ ನೆರೆಯ ಪೈವಳಿಕೆಯ ಬೋಳಂಗಳದ 'ಅಣ್ಣ-ತಮ್ಮ' ಜೋಡುಕರೆಯನ್ನು ಕಂಡವರು ಅದನ್ನು ಅರ್ಧ ಕಂಡಂತೆಯೇ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರೆಂದು ದೇಶವೆಲ್ಲ ಬೆರಗಾದದ್ದು ಓದುಗರಿಗೆ ನೆನಪಿರಬಹುದು. (ಜೇಮ್ಸ್ ವಾಟ್ ಮಹಾಶಯರು ಈ ಕರಾವಳಿಯಲ್ಲಿ ಹುಟ್ಟಿದ್ದರೆ ನಾವೆಲ್ಲ ಇಂದು ಅಶ್ವಶಕ್ತಿಯ ಬದಲು ಕೋಣಶಕ್ತಿ ಎನ್ನುತ್ತಿದ್ದೆವು.)

ಶಿಷ್ಯನ ತೊಡಕು ಬೇರೆಯೇ ಇತ್ತು. ಗಾಳಿದಿಂಬು ಸುಖಕ್ಕಾಗಿ ಹುಟ್ಟಿದ್ದು. ಫೈರ್‌ಸ್ಟೋನ್ ಕಂಪನಿ 1930ರ ದಶಕದಲ್ಲಿಯೇ ಅದನ್ನು ರೂಪಿಸಿತು. 1950ರ ದಶಕದಲ್ಲಿ ಅಮೆರಿಕದ ಬಸ್ಸುಗಳಿಗೆ ಅದು ಬಂತು. ನಮ್ಮ ಕಡೆಯವರು ಅದರ ರುಚಿ ಕಂಡದ್ದು ಬೆಂಗಳೂರಿಗೆ ಹೋಗುವ ವೋಲ್ವೊ ಬಸ್ಸಿನಲ್ಲಿ. ಅಂಥ ಮೆತ್ತನೆಯ ವಸ್ತುವಿನ ಮೇಲೆ ಸಾವಿರ ಕುದುರೆಗಳನ್ನು ಕಟ್ಟಬಹುದೇ?

ನಾವು ವಿಜ್ಞಾನದ ಅಧ್ಯಾಪಕರಲ್ಲ. ಆದರೂ ಬಾಯ್ಲನ ನಿಯಮವನ್ನು ಏಳನೆಯ ತರಗತಿಗೆ ಸೈಕಲ್ ಪಂಪು ಹಿಡಿದು ತೋರಿಸಿದವರು. ಗಾಳಿಯನ್ನು ಅರ್ಧ ಜಾಗಕ್ಕೆ ಅದುಮಿದರೆ ಒತ್ತಡ ಇಮ್ಮಡಿಯಾಗುತ್ತದೆ. ಆದುದರಿಂದ ಗಾಳಿದಿಂಬು ಅದುಮಿದಷ್ಟೂ ಗಟ್ಟಿಯಾಗುತ್ತ ಹೋಗುವ ಸ್ಪ್ರಿಂಗು. ತೊಡಕು ಇರುವುದು ಮೆತ್ತಗಿನಲ್ಲಲ್ಲ. ಹಳೆಯ ಲಾರಿಗಳ ಪಟ್ಟಿ ಸ್ಪ್ರಿಂಗು ಎರಡು ಕೆಲಸ ಮಾಡುತ್ತದೆ: ಭಾರ ಹೊರುತ್ತದೆ, ಹಿಂದಿನ ಆಕ್ಸಲನ್ನು ಅದರ ಸ್ಥಾನದಲ್ಲಿ ಹಿಡಿದೂ ಇಡುತ್ತದೆ. ಎಂಜಿನು ಅತಿಯಾಗಿ ತಿರುಚಿದರೆ ಆ ಪಟ್ಟಿ ಹಾವಿನಂತೆ ಡೊಂಕಾಗಿ, ಗಾಲಿಗಳು ನೆಲದ ಮೇಲೆ ಕುಪ್ಪಳಿಸುತ್ತವೆ. ಗಾಳಿದಿಂಬಾದರೋ ಭಾರ ಮಾತ್ರ ಹೊರಬಲ್ಲದು, ಆಕ್ಸಲನ್ನು ಹಿಡಿಯಲಾರದು. ಆ ಕೆಲಸಕ್ಕೆ ಬೇರೆಯಾಗಿ ನಾಲ್ಕು ಉಕ್ಕಿನ ತೋಳುಗಳನ್ನು ಜೋಡಿಸಬೇಕು. ಹೊರುವವನು ಬೇರೆ, ಹಿಡಿಯುವವನು ಬೇರೆ ಎಂದಾದ ಮೇಲೆ ಎರಡನ್ನೂ ಬೇಕಾದಂತೆ ತಿದ್ದಿಕೊಳ್ಳಬಹುದು.

ಇನ್ನೊಂದು ಸಂಗತಿ ಕೇಳಿ ನಾವು ನಿಜಕ್ಕೂ ಬೆರಗಾದೆವು. ವಾಹನ ಚಿಮ್ಮಿ ಹೊರಡುವಾಗ ಎಂಜಿನಿನ ತಿರುಚಿಗೆ ಹಿಂದಿನ ಬಲಗಾಲಿ ನೆಲದ ಹಿಡಿತವನ್ನು ಬಿಡಲು ನೋಡುತ್ತದೆ. ಅದನ್ನು ತಡೆಯಲು ಅಮೆರಿಕದ ಡ್ರ್ಯಾಗ್ ಓಟಗಾರರು ಬಹುಕಾಲದಿಂದಲೂ ಬಲಬದಿಯ ಸುರುಳಿ ಸ್ಪ್ರಿಂಗಿನೊಳಗೆ ಒಂದು ಚಿಕ್ಕ ಗಾಳಿಚೀಲವನ್ನಿಟ್ಟು, ಎಡಕ್ಕಿಂತ ಹೆಚ್ಚು ಗಾಳಿ ತುಂಬುತ್ತ ಬಂದಿದ್ದಾರೆ. ಸುಖದ ವಸ್ತುವೆಂದು ನಾವು ಬಗೆದದ್ದು ವೇಗದ ಮನೆಯೊಳಗೆ ಮೊದಲೇ ಸೇರಿಕೊಂಡಿತ್ತು! ಶಿಷ್ಯನು ಎಡಬಲದ ದಿಂಬುಗಳಿಗೆ ಬೇರೆ ಬೇರೆ ಕೊಳವೆಯಿಟ್ಟ. ಒಂದೇ ಕೊಳವೆಯಾದರೆ ಹೊರಡುವ ಕ್ಷಣದಲ್ಲಿ ಒಂದು ಬದಿಯ ಗಾಳಿ ಇನ್ನೊಂದಕ್ಕೆ ನುಸುಳಿಬಿಡುತ್ತದೆ. ಎತ್ತರ ಬದಲಾದರೆ ನಾಲ್ಕು ತೋಳುಗಳ ಕೋನವೂ ಬದಲಾಗಿ ತಳ್ಳುವ ದಿಕ್ಕು ತಪ್ಪುತ್ತದೆ. ಆದುದರಿಂದ ಓಟದ ದಿನ ಎತ್ತರವನ್ನು ಒಂದೇ ಅಳತೆಗೆ ನಿಲ್ಲಿಸಿ, ಗುಂಡಿಯನ್ನು ಮುಟ್ಟಬಾರದೆಂದು ಒಡೆಯರಿಗೆ ಕಟ್ಟಪ್ಪಣೆ ಮಾಡಿದನಂತೆ. ಟ್ರಕ್ಕು ಅಲ್ಲಿನ ಯಾಸ್ ಮರೀನಾದ ಡ್ರ್ಯಾಗ್ ಪಥದಲ್ಲಿ ನೆಟ್ಟಗೆ ಓಡಿತು. ಅದರ ವಿಡಿಯೊ ಊರಿಗೂ ಬಂತು.

ಅಲ್ಲಿಂದ ನಮ್ಮ ಚಿಂತೆ ಮೊದಲಾಯಿತು. ಶಿಷ್ಯನ ಅಕ್ಕ ನಮ್ಮ ಮನೆಗೆ ಬಂದು ಅತ್ತರು. ಆಕೆಯ ಮಗನಿಗೆ ಹದಿನೇಳು. ಮಾವನ ವಿಡಿಯೊವನ್ನು ದಿನಕ್ಕೆ ಹತ್ತು ಬಾರಿ ನೋಡುತ್ತಾನೆ, ರಾತ್ರಿ ಗೆಳೆಯನ ಬೈಕು ಹಿಡಿದು ಹೊಸ ಹೆದ್ದಾರಿಗೆ ಹೋಗುತ್ತಾನೆ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥಗಳಾಗಿ ಹಿಗ್ಗಿದ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಉಪ್ಪಳ, ನಯಾಬಜಾರು, ಬಂದ್ಯೋಡುಗಳನ್ನು ಹಾದೇ ಹೋಗುತ್ತದೆ. ಹಿಂದೆ ಹೊಂಡಗಳೇ ಮಕ್ಕಳನ್ನು ಕಾಯುತ್ತಿದ್ದವು. ಈಗ ಅವೂ ಇಲ್ಲ. ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅಪರಾಧ. ಆದರೆ ಹದಿನೇಳರ ಹುಡುಗನಿಗೆ ಕಲಮು ಓದಿ ಹೇಳಿ ಫಲವಿಲ್ಲವೆಂಬುದನ್ನು ಮೂವತ್ತು ವರ್ಷಗಳ ಅಧ್ಯಾಪನ ನಮಗೆ ಕಲಿಸಿದೆ.

ಒಂದು ಭಾನುವಾರ ಹುಡುಗನನ್ನು ಬೋಳಂಗಳಕ್ಕೆ ಕರೆದೊಯ್ದೆವು. ಕಂಬಳವಿಲ್ಲದ ದಿನ. ಗಂತಿನಿಂದ ಮಂಜೊಟ್ಟಿಯವರೆಗೆ ಇಬ್ಬರೂ ಕರೆಯ ಪಕ್ಕದಲ್ಲಿ ನಡೆದೆವು. ಮಂಜೊಟ್ಟಿಯ ಏರನ್ನು ತೋರಿಸಿ, ಇದೇಕೆ ಎಂದು ಕೇಳಿದೆವು. ಕೋಣಗಳು ನಿಲ್ಲಲಿಕ್ಕೆ ಎಂದ. ಆಮೇಲೆ ಅಮೆರಿಕದ ಕಥೆ ಹೇಳಿದೆವು. 2008ರಲ್ಲಿ ಸ್ಕಾಟ್ ಕಲಿಟ್ಟ ಎಂಬ ಪ್ರಸಿದ್ಧ ಓಟಗಾರ ಗುರಿ ದಾಟಿದ ಮೇಲೆ ನಿಲ್ಲಿಸಲಾಗದೆ ಮಡಿದ. ಅಲ್ಲಿನ ಡ್ರ್ಯಾಗ್ ರೇಸಿನ ಸಂಸ್ಥೆಯು ಕೆಲವೇ ದಿನಗಳಲ್ಲಿ ಅತಿವೇಗದ ವಾಹನಗಳ ಓಟವನ್ನು 402 ಮೀಟರಿನಿಂದ 305ಕ್ಕೆ ಇಳಿಸಿತು. ಓಟವನ್ನು ಮೊಟಕುಗೊಳಿಸಿ ನಿಲ್ಲುವ ಜಾಗವನ್ನು ಉದ್ದ ಮಾಡಿದರು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಮರಳುವಾಗ ಬಸ್ಸಿನಲ್ಲಿ, ಮಾವನ ಟ್ರಕ್ಕು ನಿಲ್ಲಲು ಎಷ್ಟು ಜಾಗ ಬೇಕಾಯಿತೆಂದು ಕೇಳಿದ. ಅವನಲ್ಲೇ ಕೇಳು ಎಂದೆವು. ಈಗ ವಾರಕ್ಕೊಮ್ಮೆ ಮಾವ-ಅಳಿಯಂದಿರ ನಡುವೆ ಗಾಳಿಯ ಒತ್ತಡ, ತೋಳಿನ ಕೋನ, ಬ್ರೇಕಿನ ಲೆಕ್ಕಗಳು ನಡೆಯುತ್ತಿವೆ. ಲೆಕ್ಕದ ಪುಸ್ತಕವನ್ನು ನಮಗೂ ತಂದು ತೋರಿಸುತ್ತಾನೆ. ಪ್ಲಸ್ ಟು ಮುಗಿದ ಮೇಲೆ ಮಂಗಳೂರಿನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಸೇರುವ ಮಾತಿದೆ. ಗೆಳೆಯನ ಬೈಕಿನ ಕೀಲಿಕೈ ಮಾತ್ರ ಆ ಗೆಳೆಯನ ತಾಯಿಯ ಸೆರಗಿನ ಗಂಟಿನಲ್ಲಿದೆಯೆಂದು ಅಕ್ಕ ಮೊನ್ನೆ ಹೇಳಿದರು.