ಬಿಸಿಲು ಹೊತ್ತ ಲಾರಿ

ನಮ್ಮ ಮನೆಯಲ್ಲಿ ಪ್ರವಾಸದ ಮಾತು ಎದ್ದಾಗಲೆಲ್ಲ ತಂದೆಯವರ ಔಷಧದ ಮಾತೂ ಅದರ ಬೆನ್ನಿಗೇ ಏಳುವುದು ವಾಡಿಕೆಯಾಗಿದ್ದಿತು. ಅವರಿಗೀಗ ಎಪ್ಪತ್ತೆಂಟು ವರ್ಷ; ಮಧುಮೇಹಕ್ಕಾಗಿ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳತಕ್ಕವರು. ಆ ಔಷಧದ ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇರಿಸಬೇಕು. ಹೆಪ್ಪುಗಟ್ಟಿದರೂ ಕೆಟ್ಟಿತು, ಕಾದರೂ ಕೆಟ್ಟಿತು. ಹೋಟೆಲುಗಳ ಊಟ ಅವರಿಗೆ ಒಗ್ಗದು, ಮೆಟ್ಟಿಲು ಹತ್ತಲಾರರು. ಹೀಗಾಗಿ ಹತ್ತು ವರ್ಷಗಳಿಂದ ಅವರು ಮೈಸೂರನ್ನು ಬಿಟ್ಟು ಹೊರಟವರೇ ಅಲ್ಲ.

ಆದರೆ ಅವರಿಗೆ ಒಂದು ಆಸೆಯಿದ್ದಿತು. ಯೌವನದಲ್ಲಿ ಅವರು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂಬತ್ತು ವರ್ಷ ಉಪಾಧ್ಯಾಯರಾಗಿದ್ದರು. ಆಗ ಶಾಲೆಗೆ ಒಂದೇ ಕೊಠಡಿ. ಉಳಿದ ತರಗತಿಗಳೆಲ್ಲ ಹುಣಿಸೆಯ ಮರದ ಕೆಳಗೆ. ಆ ಸೀಮೆಯ ಹೊಲಗಳಲ್ಲಿ ಈಗ ಕಡಲೆಕಾಯಿಯ ಬದಲು ಬಿಸಿಲನ್ನು ಬೆಳೆಯುತ್ತಾರೆಂದು ಪತ್ರಿಕೆಯಲ್ಲಿ ಓದಿದಂದಿನಿಂದ, “ಆ ಮರವಿದೆಯೋ ಇಲ್ಲವೋ, ಒಮ್ಮೆ ನೋಡಬೇಕು” ಎಂದು ಹೇಳುತ್ತಲೇ ಇದ್ದರು. ಮನೆಯನ್ನು ಬಿಟ್ಟು ಹೋಗಲಾಗದವರನ್ನು ಮನೆಯ ಸಮೇತ ಕರೆದೊಯ್ಯಬಹುದಷ್ಟೆ ಎಂದು ನಮಗೆ ತೋರಿತು. ಹಳೆಯ ಟಾಟಾ 407 ಲಾರಿಯೊಂದನ್ನು ಕೊಂಡೆವು.

ಲಾರಿಯನ್ನು ಮನೆಯಾಗಿಸಿದ ಕಥೆಯನ್ನೆಲ್ಲ ಹೇಳಹೊರಟರೆ ಸಂಚಿಕೆಯೇ ಸಾಲದು. ಒಂದು ಮಾತನ್ನು ಮಾತ್ರ ಮೊದಲು ಹೇಳಿಬಿಡುವೆವು: 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ ವಾಹನದ ಸ್ವರೂಪವನ್ನು ನಮ್ಮಿಚ್ಛೆಯಂತೆ ಮಾರ್ಪಡಿಸುವಂತಿಲ್ಲ. ಆದುದರಿಂದ ಬಡಗಿಯನ್ನು ಕರೆಯುವ ಮುನ್ನ ಸಾರಿಗೆ ಕಚೇರಿಗೆ ಹೋಗಿ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು. ಆ ಕಾಗದಗಳು ಕೈಗೆ ಬಂದಮೇಲೆ ಹತ್ತು ಅಡಿ ಉದ್ದ, ಆರೂವರೆ ಅಡಿ ಅಗಲದ ಪೆಟ್ಟಿಗೆಯೊಳಗೆ ಮಂಚ, ಅಡಿಗೆಯ ಕಟ್ಟೆ, ನೀರಿನ ತೊಟ್ಟಿ, ಕಪಾಟುಗಳೆಲ್ಲ ಒಂದೊಂದಾಗಿ ಕುಳಿತುವು. ಉಳಿದುದು ವಿದ್ಯುತ್ತಿನ ಪ್ರಶ್ನೆ. ನಮಗೆ ದೀಪಕ್ಕಿಂತಲೂ ಮುಖ್ಯವಾಗಿ ಬೇಕಾಗಿದ್ದುದು ಇನ್ಸುಲಿನ್ನಿಗೆ ಸದಾ ತಂಪು. ಅದನ್ನು ಬಿಸಿಲಿನಿಂದಲೇ ಪಡೆಯುವುದೆಂದು ನಿಶ್ಚಯಿಸಿದೆವು.

ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವ ವಿದ್ಯೆ ತೀರ ಹೊಸದೇನೂ ಅಲ್ಲ. ಬೆಳಕು ಬಿದ್ದೊಡನೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿಯೇ ಕಂಡಿದ್ದನು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಸಿಲಿಕಾನಿನಿಂದ ಮಾಡಿ ತೋರಿಸಿದ ಕೋಶವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದಿತು. ನಾವು ಕೊಂಡ ಫಲಕಗಳು ನೂರಕ್ಕೆ ಹದಿನೇಳರಷ್ಟನ್ನು ಕೊಡುವಂಥವು. 330 ವ್ಯಾಟಿನ ಎರಡು ಫಲಕಗಳು, ಒಂದೊಂದೂ ಎರಡು ಮೀಟರು ಉದ್ದ, ಒಂದು ಮೀಟರು ಅಗಲ. ಅವೆರಡನ್ನೂ ಜೊತೆಯಾಗಿ ಮಲಗಿಸಿದರೆ ಲಾರಿಯ ಮಾಡು ಬಹುಮಟ್ಟಿಗೆ ಮುಗಿಯಿತು. ಉತ್ತರದ ಶೀತದೇಶಗಳವರು ಫಲಕವನ್ನು ಬಹಳ ಓರೆಯಾಗಿ ನಿಲ್ಲಿಸಬೇಕಾಗುವುದು. ನಮ್ಮ ನಾಡಿನಲ್ಲಿಯೋ ಸೂರ್ಯನು ವರ್ಷಕ್ಕೆರಡು ದಿನ ನೆತ್ತಿಯ ಮೇಲೆಯೇ ನಿಲ್ಲುವನು. ಮಟ್ಟಸವಾಗಿ ಮಲಗಿಸಿದರೂ ನಷ್ಟ ಹೆಚ್ಚಿಲ್ಲ.

ಫಲಕಗಳನ್ನು ಮಾಡಿಗೆ ಅಂಟಿಸದೆ ಮೂರಂಗುಲ ಎತ್ತರಿಸಿ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದೆವು. ಫಲಕಕ್ಕೆ ಬೇಕಾದುದು ಬೆಳಕೇ ಹೊರತು ಸೆಕೆಯಲ್ಲ. 25 ಡಿಗ್ರಿಯಿಂದ ಮೇಲೆ ಪ್ರತಿ ಡಿಗ್ರಿಗೂ ಅದರ ಶಕ್ತಿ ನೂರಕ್ಕೆ 0.4ರಷ್ಟು ಕುಗ್ಗುವುದು, ನಡುಹಗಲಲ್ಲಿ ಅದು 65 ಡಿಗ್ರಿಗೆ ಕಾದರೆ ಆರನೆಯ ಒಂದು ಪಾಲು ಹೋದಂತೆಯೇ. ಕೆಳಗೆ ಗಾಳಿಯಾಡಿದರೆ ತುಸು ತಣ್ಣಗಿರುವುದು. ಇದರಿಂದ ನಾವೆಣಿಸದ ಇನ್ನೊಂದು ಲಾಭವೂ ಆಯಿತು: ಫಲಕಗಳು ಕೊಡೆಯಂತೆ ಮಾಡಿಗೆ ನೆರಳಾಗಿ ಒಳಗಿನ ಸೆಕೆ ಇಳಿಯಿತು.

ಲೆಕ್ಕವನ್ನು ನಮ್ಮ ಗೃಹಿಣಿಯರೇ ಹಾಕಿದರು. ತಿಂಗಳ ಸಂಬಳವನ್ನು ಹಂಚಿ ಬದುಕಿದವರಿಗೆ ಈ ವಿದ್ಯೆ ಹೇಳಿಕೊಡಬೇಕಾಗಲಿಲ್ಲ. ಒಳ್ಳೆಯ ಬಿಸಿಲಿನ ದಿನ ಸೋರಿಕೆಗಳನ್ನೆಲ್ಲ ಕಳೆದು ವರಮಾನ ಎರಡೂವರೆ ಯೂನಿಟ್ಟು. ಖರ್ಚಿನಲ್ಲಿ ಚಿಕ್ಕ ಶೀತಪೆಟ್ಟಿಗೆಗೆ ಅರ್ಧ ಯೂನಿಟ್ಟು, ಎರಡು ಪಂಖಗಳಿಗೆ ಅರ್ಧಕ್ಕೆ ಸ್ವಲ್ಪ ಮೇಲೆ, ದೀಪ, ನೀರಿನ ಪಂಪು, ದೂರವಾಣಿಗಳಿಗೆ ಕಾಲಿಗೆ ಮೀರಿ; ಒಟ್ಟು ಒಂದೂವರೆ. ಇಸ್ತ್ರಿಪೆಟ್ಟಿಗೆ, ವಿದ್ಯುತ್ತಿನ ಒಲೆ ಇವುಗಳಿಗೆ ಪ್ರವೇಶವಿಲ್ಲ. ಅಡಿಗೆಗೆ ಅನಿಲವೇ ಸರಿ. ಕೂಡಿಟ್ಟುಕೊಳ್ಳಲು 12 ವೋಲ್ಟಿನ ಲಿಥಿಯಮ್ ಬ್ಯಾಟರಿ, ತುಂಬಿದರೆ ಎರಡೂವರೆ ಯೂನಿಟ್ಟು. ಅಂದರೆ ಒಂದು ದಿನದ ಗಳಿಕೆ, ಒಂದೂವರೆ ದಿನದ ಅನ್ನ.

ಮೊದಲ ತೊಡಕು ಮನೆಯ ಅಂಗಳದಲ್ಲಿಯೇ ಬಂದಿತು. ಬ್ಯಾಟರಿ ತುಂಬಿದ್ದರೂ ಪಂಖಗಳನ್ನು ಹಾಕಿದೊಡನೆ ಶೀತಪೆಟ್ಟಿಗೆ ನಿಂತುಹೋಗುತ್ತಿದ್ದಿತು. ಪೆಟ್ಟಿಗೆಯೇ ಕೆಟ್ಟಿತೆಂದು ಎರಡು ದಿನ ಕೊರಗಿದೆವು. ನೋಡಿದರೆ ತಪ್ಪು ನಮ್ಮದೇ. ಉಳಿತಾಯಕ್ಕಾಗಿ ಒಂದು ಚದರ ಮಿಲಿಮೀಟರಿನ ಒಂದೇ ತಂತಿಯಲ್ಲಿ ದೀಪ, ಪಂಖ, ಶೀತಪೆಟ್ಟಿಗೆಗಳೆಲ್ಲವನ್ನೂ ಕಟ್ಟಿದ್ದೆವು. ಮನೆಯ 230 ವೋಲ್ಟಿನಲ್ಲಿ ಎರಡು ವೋಲ್ಟು ದಾರಿಯಲ್ಲಿ ಸೋರಿದರೆ ಯಾರಿಗೂ ತಿಳಿಯದು. 12 ವೋಲ್ಟಿನ ಮನೆಯಲ್ಲಿ ಎರಡು ವೋಲ್ಟೆಂದರೆ ಆರರಲ್ಲೊಂದು ಪಾಲು. ಉದ್ದನೆಯ ಸಣ್ಣ ತಂತಿ ಆ ಪಾಲನ್ನು ನುಂಗುತ್ತಿದ್ದಿತು. ಶೀತಪೆಟ್ಟಿಗೆಗೆ ಆರು ಚದರ ಮಿಲಿಮೀಟರಿನ ತಂತಿಯನ್ನು ಪ್ರತ್ಯೇಕವಾಗಿ ಎಳೆದು, ಬ್ಯಾಟರಿಯ ಮಗ್ಗುಲಲ್ಲಿಯೇ ಫ್ಯೂಜನ್ನಿಟ್ಟಮೇಲೆ ಅದು ಮತ್ತೆ ತಕರಾರು ಮಾಡಲಿಲ್ಲ. ಇಂಜಿನಿನಿಂದಲೂ ಬ್ಯಾಟರಿಯನ್ನು ತುಂಬುವ ಏರ್ಪಾಡನ್ನು, ಹಣ ಮುಗಿದುದರಿಂದ, ಮುಂದಿನ ವರ್ಷಕ್ಕೆಂದು ಬಿಟ್ಟೆವು.

ಫಾಲ್ಗುಣದ ಒಂದು ಬೆಳಗ್ಗೆ ತಂದೆಯವರು ಸೂರ್ಯನಿಗೆ ಅರ್ಘ್ಯವನ್ನು ಕೊಟ್ಟು ಲಾರಿಯನ್ನೇರಿದರು. ತುಮಕೂರು, ಕೊರಟಗೆರೆಗಳನ್ನು ದಾಟಿ ಸಂಜೆಯ ವೇಳೆಗೆ ಮಧುಗಿರಿಯನ್ನು ಸೇರಿದೆವು. ಏಕಶಿಲೆಯ ಆ ಮಹಾಬೆಟ್ಟ ಬಯಲಿನಿಂದ ಒಮ್ಮೆಲೇ ಎದ್ದು ನಿಂತಿರುವುದನ್ನೂ, ಅದರ ನುಣುಪಾದ ಬೆನ್ನಿನ ಮೇಲೆ ಕೋಟೆಯ ಗೋಡೆಗಳು ಹತ್ತಿಹೋಗಿರುವುದನ್ನೂ ನೋಡಿದರೆ ಕಣ್ಣು ದಣಿಯದು. ಊರ ಹೊರಗೆ ಹಳೆಯ ಆಲದ ಮರವೊಂದು ವಿಶಾಲವಾಗಿ ಹರಡಿಕೊಂಡಿದ್ದಿತು. ವೃದ್ಧರಿಗೆ ತಂಪಾಗಿರಲೆಂದು ಅದರ ಕೆಳಗೇ ಲಾರಿಯನ್ನು ನಿಲ್ಲಿಸಿದೆವು. ಮಕ್ಕಳು ಬೆಟ್ಟವನ್ನು ಹತ್ತಬೇಕೆಂದರು, ತಂದೆಯವರಿಗೂ ಆಯಾಸವಾಗಿದ್ದಿತು. ಹೀಗೆ ಎರಡು ದಿನ ಅಲ್ಲಿಯೇ ಉಳಿದೆವು.

ನೆರಳನ್ನು ಕಂಡೊಡನೆ ಅದರಡಿಗೆ ಸೇರುವುದು ನಮ್ಮ ಜನದ ರಕ್ತದಲ್ಲಿಯೇ ಬಂದ ಗುಣ. ಮಾಡಿನ ಮೇಲಿನ ಫಲಕಗಳಿಗೆ ಅದು ಉಪವಾಸವೆಂಬುದು ನಮಗೆ ಹೊಳೆಯಲಿಲ್ಲ. ಅಲ್ಲಲ್ಲಿ ಎಲೆಗಳ ಸಂದಿನಿಂದ ಬಿಸಿಲು ಬೀಳುತ್ತಿದ್ದುದರಿಂದ ಅಷ್ಟಾದರೂ ಬಂದೀತೆಂದು ನಂಬಿದ್ದೆವು. ಆದರೆ ಫಲಕದಲ್ಲಿ 72 ಕೋಶಗಳು ಮಣಿಸರದಂತೆ ಒಂದರ ಹಿಂದೊಂದು ಪೋಣಿಸಲ್ಪಟ್ಟಿರುವುವು. ಒಂದರ ಮೇಲೆ ನೆರಳು ಬಿದ್ದರೆ ಅದರ ಸಾಲಿನವೆಲ್ಲ ತಡೆದು ನಿಲ್ಲುವುವು. 24 ಕೋಶಗಳಿಗೊಂದರಂತೆ ಬಳಸುದಾರಿಯನ್ನು ಇಟ್ಟಿರುವುದರಿಂದ ಒಂದು ಕೋಶದ ತಪ್ಪಿಗೆ ಮೂರರಲ್ಲೊಂದು ಪಾಲಷ್ಟೆ ಹೋಗುವುದು. ಚದುರಿದ ನೆರಳು ಮೂರು ಪಾಲಿನ ಮೇಲೂ ಬಿದ್ದರೆ ಮೂರೂ ಹೋಗುವುವು. ಅಲ್ಲಿ ಆದುದು ಅದೇ.

ಎರಡನೆಯ ಸಂಜೆ ಸೂಚಕವು ನೂರಕ್ಕೆ 22 ಎಂದು ತೋರಿಸಿತು. ಉಳಿದುದು ಅರ್ಧ ಯೂನಿಟ್ಟಿಗೆ ತುಸು ಹೆಚ್ಚು. ಬೆಳಗಿನವರೆಗೆ ಶೀತಪೆಟ್ಟಿಗೆಗೆ ಕಾಲು ಯೂನಿಟ್ಟು ಬೇಕು. ಪಂಖಗಳೆರಡೂ ತಿರುಗಿದರೆ ಮತ್ತೆ 0.4. ಕೂಡಿದರೆ ಸಾಲದು. ಒಳಗಿದ್ದುದು ಒಂದು ತಿಂಗಳ ಔಷಧ. ನಮ್ಮ ತಾಯಿ ಮಾತನಾಡದೆ ಎದ್ದು ಪಂಖಗಳ ಗುಂಡಿಯನ್ನು ಆರಿಸಿದರು, ದೀಪವನ್ನಾರಿಸಿದರು. ಬೀಸಣಿಗೆಯನ್ನು ಹಿಡಿದು ತಂದೆಯವರ ಮಂಚದ ಬಳಿ ಕುಳಿತರು. ಕತ್ತಲೆಯಲ್ಲಿ ಎರಡೇ ಸದ್ದು: ಬೀಸಣಿಗೆಯ ಸುಯ್ಯಾಟ, ಆಗೊಮ್ಮೆ ಈಗೊಮ್ಮೆ ಶೀತಪೆಟ್ಟಿಗೆಯ ಗುನುಗು. ಆ ಗುನುಗು ನಿಂತಾಗಲೆಲ್ಲ, ತಂಪಾಗಿ ನಿಂತಿತೋ ಶಕ್ತಿ ಮುಗಿದು ನಿಂತಿತೋ ಎಂದು ಎದ್ದೆದ್ದು ನೋಡಿದೆವು. ಬೀಸಣಿಗೆಯನ್ನು ನಾವೂ ಸರದಿಯ ಮೇಲೆ ಹಿಡಿದೆವು. ಬೆಳಗಾದಾಗ ಸೂಚಕದಲ್ಲಿ 12 ಉಳಿದಿದ್ದಿತು. ಪೆಟ್ಟಿಗೆಯೊಳಗಿನ ಉಷ್ಣಮಾಪಕದಲ್ಲಿ 5 ಡಿಗ್ರಿ. ತಂದೆಯವರು ನಿದ್ರೆಯಿಂದೆದ್ದು, “ರಾತ್ರಿ ಗಾಳಿ ಚೆನ್ನಾಗಿದ್ದಿತು” ಎಂದರು. ತಾಯಿ ನಕ್ಕು ಸುಮ್ಮನಾದರು.

ಸೂರ್ಯನು ಮೇಲೇರುತ್ತಿದ್ದಂತೆ ಹೊರಟೆವು. ಪಾವಗಡದ ದಾರಿಯಲ್ಲಿ ಮರಗಳು ವಿರಳವಾಗುತ್ತ ಬಂದು ಬಂಡೆಯ ಗುಡ್ಡಗಳೂ ಜಾಲಿಯ ಪೊದೆಗಳೂ ಉಳಿಯುವುವು. ಪಡುವಣ ಘಟ್ಟಗಳು ಮೋಡಗಳ ನೀರನ್ನು ತಡೆದುಕೊಳ್ಳುವುದರಿಂದ ಈ ಸೀಮೆಗೆ ಮಳೆ ಅಷ್ಟಕ್ಕಷ್ಟೆ. ಇದನ್ನು ಮಳೆಯ ನೆರಳಿನ ಪ್ರದೇಶವೆನ್ನುವರು. ಮನುಷ್ಯನಿಗೆ ಬೇಕಾದ ನೆರಳಿಲ್ಲದ ಈ ಭೂಮಿಗೆ ಬೇಡವಾದ ನೆರಳೊಂದು ಬಿದ್ದಿರುವುದನ್ನು ನೆನೆದರೆ ವಿಷಾದವಾಗುವುದು. ಆದರೆ ಅಂದು ಆ ಬತ್ತಲೆ ಬಿಸಿಲೇ ನಮಗೆ ಬಂಧುವಾಯಿತು. ಒಂದು ಗಂಟೆಯ ವೇಳೆಗೆ ಬ್ಯಾಟರಿ ಅರ್ಧಕ್ಕೆ ಮೀರಿ ತುಂಬಿದ್ದಿತು.

ಪಾವಗಡದಲ್ಲಿ ಪ್ರಸಿದ್ಧವಾದುದು ಶನಿಮಹಾತ್ಮನ ದೇವಸ್ಥಾನ. ಮಕ್ಕಳಿಗೆ ತಂದೆಯವರು ಅಲ್ಲಿಯೇ ಕಥೆಯನ್ನು ಹೇಳಿದರು. ಸೂರ್ಯನ ಪತ್ನಿ ಸಂಜ್ಞೆ ಅವನ ತೇಜಸ್ಸನ್ನು ತಾಳಲಾರದೆ ತನ್ನ ನೆರಳನ್ನೇ ಹೆಣ್ಣಾಗಿ ಮಾಡಿ ಮನೆಯಲ್ಲಿ ನಿಲ್ಲಿಸಿ ಹೊರಟುಹೋದಳು; ಆ ಛಾಯೆಯ ಮಗನೇ ಶನಿ. “ಸೂರ್ಯನ ಸಂಸಾರವೇ ನೆರಳಿಲ್ಲದೆ ನಡೆಯಲಿಲ್ಲ. ನಾವು ಎರಡು ದಿನ ನೆರಳನ್ನೇ ನಂಬಿ ಕೆಟ್ಟೆವು, ಬರಿಯ ಬಿಸಿಲನ್ನೇ ನಂಬಿದರೂ ಕೆಡುವೆವು” ಎಂದು ನಮ್ಮ ಕಡೆ ನೋಡಿದರು. ರಾತ್ರಿಯ ಸಂಗತಿ ಅವರಿಗೆ ತಿಳಿದೇ ಇದ್ದಿತು!

ಪಟ್ಟಣದಿಂದ ಮುಂದೆ ತಿರುಮಣಿಯ ಕಡೆಗೆ ಹೋದರೆ ಬಿಸಿಲಿನ ಹೊಲಗಳು ತೊಡಗುವುವು. ಐದು ಗ್ರಾಮಗಳ ಸುಮಾರು 13,000 ಎಕರೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವ್ಯಾಟಿನಷ್ಟು ಶಕ್ತಿಯನ್ನು ಪಡೆಯಿತು. ನಮ್ಮ ಮಾಡಿನ ಮೇಲಿನಂಥವೇ ಫಲಕಗಳು, ದಿಗಂತದವರೆಗೆ, ನೀಲಿ ಕೆರೆಯೊಂದು ಅಲೆಯಿಲ್ಲದೆ ನಿಂತಂತೆ. ನೆಲವನ್ನು ಕೊಳ್ಳದೆ ರೈತರಿಂದ 28 ವರ್ಷಕ್ಕೆ ಗೇಣಿಗೆ ಹಿಡಿದಿರುವರು. ಮೊದಲು ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುವುದು.

ಹಳ್ಳಿಯನ್ನು ಸೇರಿದಾಗ ಶಾಲೆ ಹೊಸ ಕಟ್ಟಡವಾಗಿದ್ದಿತು. ಹುಣಿಸೆಯ ಮರ ಬೇಲಿಯಿಂದ ಈಚೆಗೆ, ಕಾಯಿ ತುಂಬಿಕೊಂಡು, ಹಾಗೆಯೇ ನಿಂತಿದ್ದಿತು. ತಂದೆಯವರು ಅದರ ಬುಡವನ್ನು ಕೈಯಿಂದ ಮುಟ್ಟಿ ನೋಡಿದರು. ಸ್ವಲ್ಪ ಹೊತ್ತಿಗೆ ನರೆತ ತಲೆಯ ಒಬ್ಬರು ಬಂದು, ಗುರುತು ಹಿಡಿದು, ಪಾದಗಳಿಗೆ ನಮಸ್ಕರಿಸಿದರು. ಅವರ ಆರು ಎಕರೆಯೂ ಗೇಣಿಗೆ ಹೋಗಿದ್ದಿತು. “ಸಾಲ ತೀರಿತು ಮೇಷ್ಟ್ರೆ, ಮಗಳ ಓದೂ ಆಯಿತು. ಮಳೆ ಬಂದೀತೇ ಎಂದು ಮುಗಿಲನ್ನು ನೋಡುವ ಚಿಂತೆಯಿಲ್ಲ. ಆದರೆ ನೆಲವಿಲ್ಲದೆ ನಮ್ಮ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗೇಣಿಯಿಲ್ಲ, ಕೆಲಸವೂ ಇಲ್ಲ. ಅವರಲ್ಲಿ ಎಷ್ಟೋ ಮಂದಿ ಊರು ಬಿಟ್ಟರು. ಮೊದಲ ಮಳೆ ಬಿದ್ದ ದಿನ ಈಗಲೂ ನನಗೆ ಮನೆಯಲ್ಲಿ ಕುಳಿತಿರಲಾಗುವುದಿಲ್ಲ” ಎಂದರು. ತಂದೆಯವರು ಉತ್ತರ ಕೊಡದೆ ಅವರ ಕೈಯನ್ನು ಹಿಡಿದುಕೊಂಡು ಕುಳಿತರು. ಬಿಸಿಲು ಒಬ್ಬನ ಸಾಲವನ್ನು ತೀರಿಸಿ ಮತ್ತೊಬ್ಬನ ಕೂಲಿಯನ್ನು ಕಳೆದಿದ್ದಿತು. ಯಾರ ಮೇಲೆ ಬೆಳಕು ಬಿದ್ದಿತು, ಯಾರ ಮೇಲೆ ನೆರಳು ಬಿದ್ದಿತು ಎಂಬ ಲೆಕ್ಕವನ್ನು ಫಲಕವನ್ನು ಇಡುವವರೆಲ್ಲರೂ ನೋಡಬೇಕೆಂದು ಆಗ ನಮಗೆ ತೋರಿತು.

ಅಂದು ನಾವು ಲಾರಿಯನ್ನು ಮರದಡಿಗೆ ತರಲಿಲ್ಲ. ಮೂವತ್ತು ಹೆಜ್ಜೆ ದೂರದ ಬಯಲಿನಲ್ಲಿ ನಿಲ್ಲಿಸಿ, ಫಲಕಗಳ ಮೇಲಿನ ಆಲದ ಎಲೆಯನ್ನೂ ಹಕ್ಕಿಗಳ ಹಿಕ್ಕೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಚಾಪೆಯನ್ನು ಮಾತ್ರ ಹುಣಿಸೆಯ ಕೆಳಗೆ ಹಾಸಿದೆವು. ಸಂಜೆಗೆ ಸೂಚಕವು 80 ತೋರಿಸಿತು. ಅದನ್ನು ನೋಡಿ ನಮ್ಮ ತಾಯಿ ಪಂಖದ ಗುಂಡಿಯನ್ನು ಒತ್ತಿದರು. ಆದರೂ ಬೀಸಣಿಗೆಯನ್ನು ಒಳಗೆ ಇಡಲಿಲ್ಲ, ಮಂಚದ ಪಕ್ಕದಲ್ಲಿಯೇ ಮೊಳೆಗೆ ತೂಗುಹಾಕಿದರು. ಅದು ಈಗಲೂ ಅಲ್ಲಿಯೇ ಇದೆ.