ಉಕ್ಕೂ ತುಕ್ಕೂ

ಬೆಲೆಬಾಳುವ ವಸ್ತುವೊಂದು ಮನೆಗೆ ಬಂದರೆ ಗೃಹಸ್ಥನಾದವನಿಗೆ ಮೊದಲು ಹತ್ತುವ ಚಿಂತೆ ಅದನ್ನು ಎಲ್ಲಿ ಬಚ್ಚಿಡಬೇಕೆಂಬುದು. ಹೇಗೆ ಬಳಸಬೇಕೆಂಬುದು ಆಮೇಲಿನ ಮಾತು. ಬೆಳ್ಳಿಯ ತಟ್ಟೆ ಟ್ರಂಕಿನ ತಳ ಸೇರುತ್ತದೆ. ಪಿಂಗಾಣಿಯ ಬಟ್ಟಲುಗಳು ಗಾಜಿನ ಬೀರುವಿನಲ್ಲಿ ಕುಳಿತು ಬಾರದ ಅತಿಥಿಗಳ ದಾರಿ ಕಾಯುತ್ತವೆ. ಧಾರೆಯ ಸೀರೆ ಉಡುವವರಿಲ್ಲದೆ ಮಡಿಕೆಯಲ್ಲಿಯೇ ಬಿರಿಯುತ್ತದೆ. ಹೀಗೆ ಅತಿಯಾದ ಮರ್ಯಾದೆಯಿಂದ ಕೆಟ್ಟ ವಸ್ತುಗಳ ಪಟ್ಟಿ ಮಾಡಹೊರಟರೆ, ಒರಟು ಬಳಕೆಯಿಂದ ಕೆಟ್ಟವುಗಳ ಪಟ್ಟಿಗಿಂತ ಅದೇನೂ ಚಿಕ್ಕದಾಗಲಾರದು. ಆ ಪಟ್ಟಿಯಲ್ಲಿ ಮಡಚುವ ಚಾಕುವಿಗೂ ಒಂದು ಸ್ಥಾನವುಂಟೆಂಬುದು ರಾಯರಿಗೆ ತಿಳಿದದ್ದು ಅವರ ಎಪ್ಪತ್ತೊಂದನೆಯ ವಯಸ್ಸಿನಲ್ಲಿ.

ರಾಯರು ಉಕ್ಕನ್ನು ಅರಿಯದವರಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಕಾದ ಉಕ್ಕಿನ ಬಣ್ಣ ನೋಡಿಯೇ ಅದರ ಶಾಖವನ್ನು ಹೇಳಬಲ್ಲವರು. ತೀರ್ಥಹಳ್ಳಿಯ ಹಿರಿಯರ ಮನೆಯಲ್ಲಿ ಬಂದು ನೆಲಸಿದ ಮೇಲೂ, ಜಗಲಿಗೆ ಬಂದವರಿಗೆ ಕಾಫಿಯ ಜೊತೆಗೆ ಉಕ್ಕಿನ ಪುರಾಣವನ್ನೂ ಬಡಿಸದೆ ಕಳುಹಿಸುತ್ತಿರಲಿಲ್ಲ. ಇಂಗ್ಲಿಷಿನ ‘ವೂಟ್ಸ್’ ಎಂಬ ಮಾತಿಗೆ ನಮ್ಮ ‘ಉಕ್ಕು’ ಎಂಬುದೇ ಮೂಲವೆಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಈ ಉಕ್ಕನ್ನು ಕುರಿತು ಪ್ರಬಂಧ ಮಂಡಿಸಿದ. ಮಹಾವಿಜ್ಞಾನಿ ಫ್ಯಾರಡೆ, ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನನ್ನು ಜೊತೆಗೂಡಿಸಿಕೊಂಡು 1820ರ ಸುಮಾರಿಗೆ ಅದರ ಗುಟ್ಟನ್ನು ಬಿಡಿಸಲು ಹೆಣಗಿದ. ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ಕೇಳುವವರ ಕಾಫಿ ಆರಿರುತ್ತಿತ್ತು.

ಒಬ್ಬನೇ ಮಗ. ಫ್ರಾನ್ಸ್ ದೇಶದ ಕ್ಲೆರ್ಮೋಂ ಫೆರಾಂ ನಗರದಲ್ಲಿ ಇಂಜಿನಿಯರು. 2016ರ ಜುಲೈ ತಿಂಗಳ ಜಡಿಮಳೆಯಲ್ಲಿ ರಾಯರ ಪತ್ನಿ ತೀರಿಕೊಂಡಾಗ ಅವನು ಬಂದು ಸೇರಿದ್ದು ಮೂರನೆಯ ದಿನ. ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ತಂದೆ ಒಂದು ಮಾತೂ ಆಡಲಿಲ್ಲ, ಮಗನೂ ಆಡಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತೇನೋ. ಆಗದ ಜಗಳಕ್ಕೆ ರಾಜಿ ಎಲ್ಲಿಂದ ಬರಬೇಕು? ಅಂದಿನಿಂದ ಭಾನುವಾರದ ಟೆಲಿಫೋನ್ ಸಂಭಾಷಣೆ ಮೂರೇ ಪ್ರಶ್ನೆಗಳಲ್ಲಿ ಮುಗಿಯುತ್ತಿತ್ತು: ಊಟವಾಯಿತೇ, ಮಳೆ ಹೇಗಿದೆ, ಮಾತ್ರೆ ತೆಗೆದುಕೊಂಡಿರಾ.

2018ರ ಮೇ ತಿಂಗಳಲ್ಲಿ ಮಗ ಟಿಕೆಟ್ಟು ಕಳುಹಿಸಿ ತಂದೆಯನ್ನು ಕರೆಸಿಕೊಂಡ. ಉಕ್ಕಿನ ಮನುಷ್ಯನಿಗೆ ಇಗರ್ಜಿಗಳನ್ನು ತೋರಿಸಿ ಪ್ರಯೋಜನವಿಲ್ಲವೆಂದು ಬಲ್ಲವನಾದ್ದರಿಂದ, ನಲವತ್ತು ಕಿಲೋಮೀಟರು ದೂರದ ತ್ಯೇರ್ ಎಂಬ ಊರಿಗೆ ಕರೆದೊಯ್ದ. ಬೆಟ್ಟದ ಮಗ್ಗುಲಿಗೆ ಅಂಟಿಕೊಂಡ ಊರು. ಮಧ್ಯಯುಗದಿಂದಲೂ ಚಾಕುವೇ ಅದರ ಕಸುಬು. ಕೆಳಗೆ ದ್ಯುರೋಲ್ ಎಂಬ ಪುಟ್ಟ ನದಿ. ಅದರ ನೀರು ತಿರುಗಿಸುತ್ತಿದ್ದ ಸಾಣೆಚಕ್ರಗಳ ಮೇಲೆ ಹಲಗೆ ಹಾಸಿ, ಕೆಲಸಗಾರರು ಅದರ ಮೇಲೆ ಬೋರಲು ಮಲಗಿ ಅಲಗುಗಳನ್ನು ಮಸೆಯುತ್ತಿದ್ದರಂತೆ. ಚಳಿಗೆ ಮರಗಟ್ಟುವ ಕಾಲುಗಳ ಮೇಲೆ ನಾಯಿಯನ್ನು ಮಲಗಿಸಿಕೊಳ್ಳುತ್ತಿದ್ದರಂತೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಈ ಸಂಗತಿಯನ್ನು ಕಂಡ ರಾಯರು ಬಹಳ ಹೊತ್ತು ನಿಂತು, “ನಾಯಿಗೆ ಸಂಬಳ ಕೊಡುತ್ತಿದ್ದರೇನೋ?” ಎಂದು ಮಗನನ್ನು ಕೇಳಿದರು. ಎರಡು ವರ್ಷಗಳಲ್ಲಿ ಅವರು ಮಗನೊಡನೆ ಆಡಿದ ಮೊದಲ ಹಾಸ್ಯದ ಮಾತು ಅದು.

ಅಂಗಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು. ಅವಳು ಹೇಳಿದ್ದನ್ನು ಮಗ ಕನ್ನಡಕ್ಕೆ ತಿರುಗಿಸುತ್ತಿದ್ದ. ಲಾಯೋಲ್ ಎಂಬ ಹಳ್ಳಿ ದಕ್ಷಿಣಕ್ಕೆ ಓಬ್ರಾಕ್ ಪ್ರಸ್ಥಭೂಮಿಯ ಮೇಲಿದೆ. 1829ರಲ್ಲಿ ಅಲ್ಲಿ ಹುಟ್ಟಿದ ಚಾಕುವಿನ ಮಾದರಿ ಬಹುಕಾಲದಿಂದ ತ್ಯೇರ್‌ನಲ್ಲಿಯೂ ತಯಾರಾಗುತ್ತದೆ. ಬೆನ್ನಿನ ಮೇಲೆ ಜೇನುಹುಳುವಿನ ಆಕೃತಿ ಅದರ ಗುರುತು. ಆದರೆ ಹೆಸರನ್ನಾಗಲಿ ಹುಳುವನ್ನಾಗಲಿ ನಂಬಿ ಕೊಳ್ಳಬಾರದು. ಆ ಹೆಸರನ್ನು ಕೆತ್ತಿದ ಅಗ್ಗದ ಚಾಕುಗಳು ಲೋಕದ ಎಲ್ಲ ಮೂಲೆಗಳಿಂದಲೂ ಬರುತ್ತವೆ. ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಮಡಚಿದ ಚಾಕುವನ್ನು ನೋಡಬೇಕು: ಅಲಗು ಎರಡು ಪಕ್ಕಗಳ ನಡುಮಧ್ಯದಲ್ಲಿ ಕುಳಿತಿದೆಯೇ? ಬಿಚ್ಚಿದ ಮೇಲೆ ಅಲಗನ್ನು ಎಡಬಲಕ್ಕೆ ಒತ್ತಬೇಕು: ಕೀಲಿನಲ್ಲಿ ಅಲುಗಾಟವುಂಟೇ? ಆಮೇಲೆ ಬೆಳಕಿಗೆ ಹಿಡಿಯಬೇಕು: ಬೆನ್ನಿನ ಸ್ಪ್ರಿಂಗಿಗೂ ಪಕ್ಕದ ತಗಡುಗಳಿಗೂ ನಡುವೆ ಬೆಳಕು ತೂರಿಬಂದರೆ ಕೆಳಗಿಟ್ಟುಬಿಡಬೇಕು. ಇಂಥ ಚಾಕುವಿನಲ್ಲಿ ಅಲಗನ್ನು ಬಂಧಿಸುವ ಬೀಗವಿಲ್ಲ. ಸ್ಪ್ರಿಂಗಿನ ಬಿಗಿಯೇ ಅದನ್ನು ಹಿಡಿದಿಡುವುದು. ಆದ್ದರಿಂದ ಮುಚ್ಚುವಾಗ ಅದರಷ್ಟಕ್ಕೆ ಚಟ್ಟೆಂದು ಬೀಳಲು ಬಿಡಕೂಡದು. ಅಂಚು ಸ್ಪ್ರಿಂಗಿಗೆ ಬಡಿದು ಮೊಂಡಾಗುತ್ತದೆ. ಬೆರಳು ಅಡ್ಡ ಬಂದರೆ ಬೆರಳೂ ಉಳಿಯದು. ಕೊನೆಯವರೆಗೂ ಕೈಹಿಡಿದು ಕೂರಿಸಬೇಕು.

ಇನ್ನು ಉಕ್ಕಿನ ಮಾತು. ಸ್ಟೇನ್‌ಲೆಸ್ ಅಲಗಿನಲ್ಲಿ ಕ್ರೋಮಿಯಂ ನೂರಕ್ಕೆ ಹದಿಮೂರರಷ್ಟಿರುತ್ತದೆ. ತುಕ್ಕಿನ ಭಯ ಕಡಿಮೆ. ಕಾರ್ಬನ್ ಉಕ್ಕಿನಲ್ಲಿ ಆ ರಕ್ಷಣೆಯಿಲ್ಲ. ಆದರೆ ಸಾಣೆಕಲ್ಲಿಗೆ ಬೇಗ ಒಲಿಯುತ್ತದೆ, ನವಿರಾದ ಹರಿತವನ್ನು ಪಡೆಯುತ್ತದೆ. ಹೆಚ್ಚು ಗಟ್ಟಿಯಾದ ಉಕ್ಕು ಹರಿತವನ್ನು ಬಹುದಿನ ಕಾಯ್ದುಕೊಂಡರೂ ಅಂಚು ಮುಕ್ಕಾಗುವ ಅಪಾಯ ಅದಕ್ಕೆ ಹೆಚ್ಚು. ಎಲ್ಲವೂ ಒಂದರಲ್ಲೇ ಇರುವ ಉಕ್ಕಿಲ್ಲ. “ಇವರಿಗೆ ದಿನವೂ ಒರೆಸುವ ಅಭ್ಯಾಸ ಉಂಟೇ?” ಎಂದು ಆ ಹೆಂಗಸು ಕೇಳಿದಳು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕಳೆದವರನ್ನು ಕೇಳುವ ಪ್ರಶ್ನೆಯೇ ಇದು! ರಾಯರು ಕಾರ್ಬನ್ ಅಲಗಿನದನ್ನೇ ಆರಿಸಿದರು. ಆಲಿವ್ ಮರದ ಹಿಡಿ, ಜೊತೆಗೆ ಚರ್ಮದ ಚೀಲ. ಬೆಲೆ ರೂಪಾಯಿಯ ಲೆಕ್ಕದಲ್ಲಿ ಹದಿನೈದು ಸಾವಿರವನ್ನು ಮೀರಿತು. ಹಣ ಕೊಟ್ಟವನು ಮಗ.

ಆಗ ಆ ಹೆಂಗಸು ನಗುತ್ತ ಇನ್ನೊಂದು ಮಾತು ಹೇಳಿದಳು. ಚಾಕುವನ್ನು ಉಡುಗೊರೆಯಾಗಿ ಪಡೆದವರು ಕೊಟ್ಟವರ ಕೈಗೆ ಒಂದು ನಾಣ್ಯವನ್ನು ಹಾಕಬೇಕು. ಇಲ್ಲದಿದ್ದರೆ ಚಾಕು ಸ್ನೇಹವನ್ನು ಕಡಿಯುತ್ತದೆಂದು ಆ ನಾಡಿನ ನಂಬಿಕೆ. ಮೆಣಸಿನಕಾಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವೆನ್ನುವ ನಮ್ಮ ಮನೆಗಳವರಿಗೆ ಇದು ಅರ್ಥವಾಗದ ಮಾತಲ್ಲ. ಆದರೆ ರಾಯರ ಮುಖ ಬಿಗಿಯಿತು. “ಮಗನಿಂದ ತೆಗೆದುಕೊಂಡದ್ದಕ್ಕೆ ಅಪ್ಪ ಬೆಲೆ ಕೊಡಬೇಕೇನು?” ಎಂದರು. ಮಗ ಅದನ್ನು ಫ್ರೆಂಚಿಗೆ ತಿರುಗಿಸಲಿಲ್ಲ. “ಹೋಗಲಿ ಬಿಡಿ ಅಪ್ಪ, ಎಲ್ಲ ಮೂಢನಂಬಿಕೆ” ಎಂದ. ನಾಣ್ಯ ಜೇಬಿನಲ್ಲಿಯೇ ಉಳಿಯಿತು.

ಚಾಕು ವಿಮಾನದ ಕೈಚೀಲದಲ್ಲಿ ಬರುವಂತಿಲ್ಲವಾದ್ದರಿಂದ, ದೊಡ್ಡ ಪೆಟ್ಟಿಗೆಯ ನಡುವೆ ಪಂಚೆಯಲ್ಲಿ ಸುತ್ತಿಕೊಂಡು ತೀರ್ಥಹಳ್ಳಿಗೆ ಬಂದಿಳಿಯಿತು. ರಾಯರು ಅದನ್ನು ನಾಲ್ಕು ಜನಕ್ಕೆ ತೋರಿಸಿ, ಕೀಲಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು, ಚರ್ಮದ ಚೀಲದಲ್ಲಿ ಕೂರಿಸಿ, ಪತ್ನಿಯ ರೇಷ್ಮೆ ಸೀರೆಗಳ ಬೀರುವಿನಲ್ಲಿ ಭದ್ರವಾಗಿಟ್ಟರು. ಹೊರಗೆ ಮುಂಗಾರು ಹಿಡಿಯಿತು. ಜೂನ್, ಜುಲೈ, ಆಗಸ್ಟ್. ಹಪ್ಪಳ ಮೆತ್ತಗಾಗುವ, ಬೆಂಕಿಪೊಟ್ಟಣ ಹತ್ತದ, ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಬೆಳೆಯುವ ಮಲೆನಾಡಿನ ಮಳೆ.

ಆಯುಧಪೂಜೆಯ ದಿನ ಬೆಳಿಗ್ಗೆ, ಕತ್ತಿ ಗುದ್ದಲಿಗಳ ಸಾಲಿನಲ್ಲಿ ಫ್ರಾನ್ಸಿನ ಅತಿಥಿಯನ್ನೂ ಕೂರಿಸಬೇಕೆಂದು ರಾಯರು ಚೀಲವನ್ನು ಬಿಚ್ಚಿದರು. ಅಲಗು ಸುಲಭವಾಗಿ ಹೊರಗೆ ಬರಲಿಲ್ಲ. ಎಣ್ಣೆ ಅಂಟಾಗಿ ಕೀಲನ್ನು ಹಿಡಿದಿತ್ತು. ಬಲವಂತದಿಂದ ಎಳೆದಾಗ ಕಂಡದ್ದು ಕೆಮ್ಮಣ್ಣಿನ ಬಣ್ಣ. ಚರ್ಮ ನಾಲ್ಕು ತಿಂಗಳು ಮಳೆಗಾಳಿಯ ತೇವವನ್ನು ಹೀರಿ, ತನ್ನ ಹದದ ಉಪ್ಪುಹುಳಿಗಳೊಡನೆ ಅದನ್ನು ಉಕ್ಕಿಗೆ ಉಣಿಸಿತ್ತು. ಚೀಲ ಒಯ್ಯುವುದಕ್ಕೇ ಹೊರತು ಇಡುವುದಕ್ಕಲ್ಲವೆಂಬುದು ಉಕ್ಕಿನ ಪುರಾಣಿಕರಿಗೆ ಹೊಳೆದಿರಲಿಲ್ಲ. ನಾಚಿಕೆಯ ಮೇಲೆ ನಾಚಿಕೆಯೆಂಬಂತೆ, ಅಲ್ಲಿಯೇ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು ಅಡುಗೆಮನೆಯ ಈಳಿಗೆಮಣೆ. ಸಂತೆಯಲ್ಲಿ ಕೊಂಡ ಸಾಧಾರಣ ಕಬ್ಬಿಣ; ಐವತ್ತು ವರ್ಷದ ಹಲಸು, ಬಾಳೆಕಾಯಿ, ಮಾವಿನಕಾಯಿಗಳ ಒಗರು ಕುಡಿದು ಕಪ್ಪಾಗಿದ್ದ ಅಲಗು. ಒಂದು ಚುಕ್ಕೆ ತುಕ್ಕಿಲ್ಲ! ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ದಿನವೂ ಹೆಚ್ಚುತ್ತಿದ್ದರು, ಒರೆಸುತ್ತಿದ್ದರು, ಗೋಡೆಗೆ ಒರಗಿಸುತ್ತಿದ್ದರು.

ಮಗನಿಗೆ ಹೇಳಬೇಕೇ, ಬೇಡವೇ? ಎರಡು ಭಾನುವಾರ ಕಳೆದವು. ಮೂರನೆಯ ಭಾನುವಾರ, ಮಾತ್ರೆಯ ಪ್ರಶ್ನೆಗೆ ಉತ್ತರ ಕೊಟ್ಟಾದ ಮೇಲೆ, “ಚಾಕುವಿಗೆ ತುಕ್ಕು ಹಿಡಿದಿದೆ ಕಣೋ” ಎಂದುಬಿಟ್ಟರು. ಮಗ ನಗಬಹುದು, ಇಲ್ಲವೇ ಬೇರೆಯದನ್ನು ಕಳುಹಿಸುತ್ತೇನೆಂದು ಹೇಳಬಹುದು, ಎರಡೂ ಒಂದೇ ಅವಮಾನವೆಂದು ಅವರು ಎದೆ ಬಿಗಿಹಿಡಿದಿದ್ದರು. ಮಗ ಎರಡನ್ನೂ ಮಾಡಲಿಲ್ಲ. “ಎಷ್ಟು ಆಳಕ್ಕೆ ಹೋಗಿದೆ? ಉಗುರಿಗೆ ಸಿಕ್ಕುತ್ತದೆಯೇ?” ಎಂದು ಕೇಳಿದ. ಆಮೇಲೆ ಹೇಳಿದ: ಮೊದಲು ತೆಳುವಾದ ಯಂತ್ರದ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ಅತ್ಯಂತ ನಯವಾದ ಉಕ್ಕಿನ ನಾರಿನಿಂದ ಅಲಗಿನ ಉದ್ದಕ್ಕೇ ಉಜ್ಜಬೇಕು, ಅಡ್ಡಕ್ಕಲ್ಲ. ಕುಳಿ ಬಿದ್ದ ಕಡೆ ತುಕ್ಕನ್ನು ತೆಗೆದು ಕುಳಿಯನ್ನು ಹಾಗೆಯೇ ಬಿಡಬೇಕು. ಅದನ್ನೂ ಅಳಿಸಹೊರಟರೆ ಅಲಗೇ ಸವೆದುಹೋಗುತ್ತದೆ.

“ಯಂತ್ರದ ಎಣ್ಣೆ ಈ ಊರಿನಲ್ಲಿ ಎಲ್ಲಿ ಹುಡುಕಲಿ?” ಎಂದರು ರಾಯರು.

“ಅಮ್ಮನ ಹೊಲಿಗೆಯಂತ್ರದ ಡ್ರಾಯರಿನಲ್ಲಿ ಇರಬೇಕಲ್ಲ. ಉದ್ದ ಮೂತಿಯ ಪುಟ್ಟ ಡಬ್ಬಿ. ಶನಿವಾರ ಶನಿವಾರ ನಾನೇ ಹಾಕುತ್ತಿದ್ದೆ.”

ಎರಡು ವರ್ಷದಿಂದ ಯಾರೂ ಆ ಡ್ರಾಯರನ್ನು ಎಳೆದಿರಲಿಲ್ಲ. ಒಳಗೆ ದಾರದ ಉಂಡೆಗಳು, ಗುಂಡಿಗಳು, ಅರ್ಧ ಹೆಣೆದ ಲೇಸು, ಮೂಲೆಯಲ್ಲಿ ಡಬ್ಬಿ. ರಾಯರು ಅದನ್ನು ಅಲ್ಲಾಡಿಸಿದರು. ಅರ್ಧದಷ್ಟು ಎಣ್ಣೆ ಇತ್ತು. “ಸಿಕ್ಕಿತು” ಎಂದರು. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಅನಂತರ ಮಗ, ಎರಡು ವರ್ಷ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ.

“ಅಪ್ಪ, ಅಮ್ಮ ಕೊನೆಯಲ್ಲಿ ನನ್ನನ್ನು ಕೇಳಿದಳೇ?”

“ಕೇಳಿದಳು. ಹೊರಟಿದ್ದಾನೆ ಎಂದು ಹೇಳಿದೆ. ಅವಳಿಗೆ ಸಮಾಧಾನವಾಯಿತು.”

ಆ ಭಾನುವಾರ ಟೆಲಿಫೋನನ್ನು ಕೆಳಗಿಡುವಾಗ ಗೋಡೆಯ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿತ್ತು.

ಚಾಕುವಿನ ಆರೈಕೆಗೆ ರಾಯರು ಆರು ವಾರ ತೆಗೆದುಕೊಂಡರು. ಬೀದಿಯಲ್ಲಿ ಸಾಣೆಯವನ ಚಕ್ರದ ಸದ್ದು ಕೇಳಿದರೂ ಕರೆಯಲಿಲ್ಲ. ವೇಗವಾಗಿ ತಿರುಗುವ ಒಣಚಕ್ರಕ್ಕೆ ತೆಳುವಾದ ಅಂಚನ್ನು ಒತ್ತಿದರೆ ಕ್ಷಣಮಾತ್ರದಲ್ಲಿ ಕಾಯುತ್ತದೆ. ನೀಲಿಗಟ್ಟಿತೆಂದರೆ ಶಾಖ ಮುನ್ನೂರು ಡಿಗ್ರಿಯ ಹತ್ತಿರ ಮುಟ್ಟಿತು, ಉಕ್ಕಿನ ಹದ ಹೋಯಿತೆಂದೇ ಅರ್ಥ. ಇಷ್ಟು ಮಾತ್ರ ಅವರ ಭದ್ರಾವತಿಯ ವಿದ್ಯೆ ಕೆಲಸಕ್ಕೆ ಬಂದಿತು. ಸಾವಿರದ ಅಂಕಿಯ ಸಾಣೆಕಲ್ಲೊಂದನ್ನು ತರಿಸಿ ನೀರಿನಲ್ಲಿ ನೆನೆಸಿ ಕುಳಿತರು. ಅಲಗಿನ ಓರೆ ಇಪ್ಪತ್ತು ಡಿಗ್ರಿಯಷ್ಟಿರಬೇಕು. ಅಳೆಯುವುದು ಕಷ್ಟವಲ್ಲ: ನೆಟ್ಟಗೆ ನಿಲ್ಲಿಸಿದರೆ ತೊಂಬತ್ತು, ಅದರ ಅರ್ಧ ನಲವತ್ತೈದು, ಅದರ ಅರ್ಧಕ್ಕಿಂತ ಕೂದಲೆಳೆ ಕಡಿಮೆ. ಒಂದು ಬದಿಯನ್ನು ಉಜ್ಜುತ್ತ ಹೋದಂತೆ ಆಚೆಯ ಬದಿಯಲ್ಲಿ ಸಣ್ಣ ಒರಟು ಏಳುತ್ತದೆ. ಅದು ಬೆರಳಿಗೆ ತಾಗಿದಾಗ ಮಗ್ಗುಲು ಬದಲಾಯಿಸಬೇಕು. ಕೊನೆಯಲ್ಲಿ ಹಳೆಯ ಬೆಲ್ಟಿನ ಮೇಲೆ ಅಂಚನ್ನು ಹಿಂದಕ್ಕೆಳೆದು ಹತ್ತು ಬಾರಿ ಸವರಿದರೆ ಕಾಗದ ಸದ್ದಿಲ್ಲದೆ ಸೀಳುತ್ತದೆ. ಪ್ರತಿಯೊಂದು ಹಂತವೂ ಭಾನುವಾರ ಫ್ರಾನ್ಸಿಗೆ ವರದಿಯಾಗುತ್ತಿತ್ತು. ಮಗನ ಟೀಕೆ ಬರುತ್ತಿತ್ತು, ತಂದೆಯ ಪ್ರತಿಟೀಕೆ ಹೋಗುತ್ತಿತ್ತು. ಜಗಳವೂ ಆಯಿತು, ರಾಜಿಯೂ ಆಯಿತು.

ಅಂದಿನಿಂದ ಚಾಕು ರಾಯರ ಜೇಬಿನಲ್ಲಿಯೇ ವಾಸ. ದಿನವೂ ಒಂದು ಹಣ್ಣನ್ನಾದರೂ ಹೆಚ್ಚಬೇಕು, ಹೆಚ್ಚಿದ ಕೂಡಲೇ ಒರೆಸಬೇಕು, ನೀರಿನಲ್ಲಿ ಮುಳುಗಿಸಕೂಡದು, ತಿಂಗಳಿಗೊಮ್ಮೆ ಕೀಲಿಗೆ ಆ ಡಬ್ಬಿಯ ಒಂದೇ ತೊಟ್ಟು. ಹಣ್ಣುಗಳ ಹುಳಿಗೆ ಅಲಗಿನ ಬೆಳ್ಳಿಹೊಳಪು ಹೋಗಿ ನೀಲಿ ಬೆರೆತ ಬೂದುಬಣ್ಣ ಬಂದಾಗ ರಾಯರು ಮೊದಲು ಗಾಬರಿಗೊಂಡರು. ಆಮೇಲೆ ಈಳಿಗೆಮಣೆಯನ್ನು ನೋಡಿ ಸುಮ್ಮನಾದರು. ಆ ಕಪ್ಪು ಪೊರೆಯೇ ಕೆಂಪು ತುಕ್ಕಿಗೆ ತಡೆ.

2019ರ ಮೇ ತಿಂಗಳಲ್ಲಿ ಮಗ ಊರಿಗೆ ಬಂದ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಮಾವಿನಹಣ್ಣಿನ ಬುಟ್ಟಿ. ರಾಯರು ಚಾಕು ಬಿಚ್ಚಿ ಮಗನ ಮುಂದಿಟ್ಟರು. ಅವನು ಬೆಳಕಿಗೆ ಹಿಡಿದು ನೋಡಿದ. ಹಿಡಿಯ ಹತ್ತಿರ ಸಾಸುವೆಯ ಗಾತ್ರದ ಮೂರು ಕುಳಿಗಳ ಮೇಲೆ ಬೆರಳಾಡಿಸಿದ. ಏನೂ ಹೇಳದೆ ಹಣ್ಣು ಹೆಚ್ಚತೊಡಗಿದ. ರಾಯರು ಅಂಗಿಯ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು.

“ಇದೇನಪ್ಪ?” ಎಂದ ಮಗ.

“ಬಾಕಿ ಇತ್ತು” ಎಂದರು ರಾಯರು.

ಯಾವ ಚಾಕು ಕೊಂಡರೆ ಒಳ್ಳೆಯದೆಂದು ಈಗ ತೀರ್ಥಹಳ್ಳಿಯಲ್ಲಿ ಯಾರಾದರೂ ಕೇಳಿದರೆ ರಾಯರು ಲಂಡನ್ನಿನ ಪ್ರಬಂಧದ ಮಾತನ್ನು ಎತ್ತುವುದಿಲ್ಲ. “ದಿನವೂ ಕೈಗೆತ್ತಿಕೊಂಡು ಒರೆಸುವವರಾದರೆ ಕಾರ್ಬನ್ ಉಕ್ಕು, ಇಲ್ಲದಿದ್ದರೆ ಸ್ಟೇನ್‌ಲೆಸ್” ಎನ್ನುತ್ತಾರೆ. ಕೇಳಿದವರು ಕಾಫಿಯನ್ನು ಬಿಸಿಯಾಗಿಯೇ ಕುಡಿಯುತ್ತಾರೆ.